ಕನ್ನಪ್ಪನವರ ರೈಲು ಫೋಟೋಕ್ಕೆ ನಿಂತದ್ದು

ಸಾಗರದ ಫೋಟೋಗ್ರಾಫರ್ ಯೋಗರಾಜನ ಗ್ರಹಚಾರಕ್ಕೆ ಅವನ ಬೀರುವಿನಲ್ಲಿ ಒಂದು ಕಪ್ಪು ಬಿಳುಪು ರೀಲು ಉಳಿದುಬಿಟ್ಟಿತ್ತು. ಇಲ್ಲದಿದ್ದರೆ ಅವನೂ ಎಲ್ಲರಂತೆ ಮೊಬೈಲಿನಲ್ಲಿ ಎರಡು ಫೋಟೋ ಹೊಡೆದು, ಕಾಫಿ ಕುಡಿದು, ಹೊಸನಗರದಿಂದ ವಾಪಸು ಬಸ್ಸು ಹತ್ತುತ್ತಿದ್ದ.

ಕರೆಸಿದವರು ಕನ್ನಪ್ಪ. ಮಾಸ್ತಿಕಟ್ಟೆಯ ಕರೆಂಟು ಪ್ರಾಜೆಕ್ಟಿನಲ್ಲಿ ಫಿಟ್ಟರಾಗಿ ನಿವೃತ್ತರಾದ ಮೇಲೆ ಒಂಬತ್ತು ವರ್ಷ ಹಿತ್ತಲಲ್ಲಿ ಕೂತು ಮೊಣಕಾಲೆತ್ತರದ ಉಗಿ ರೈಲೊಂದನ್ನು ಮಾಡಿದ್ದರು. ಬರೀ ಆಟದ ಸಾಮಾನಲ್ಲ. ತೆಂಗಿನ ಗೆರಟೆಯ ಇದ್ದಿಲು ಹಾಕಿ ನೀರು ಕಾಯಿಸಿದರೆ ಸಿಳ್ಳೆ ಹೊಡೆಯುತ್ತ ಬಾವಿಯನ್ನು ಸುತ್ತುತ್ತಿತ್ತು. ಈಗ ಅವರ ಮಂಡಿ ಬಗ್ಗುತ್ತಿರಲಿಲ್ಲ. ತೀರ್ಥಹಳ್ಳಿ ಕಡೆಯ ಒಂದು ರೆಸಾರ್ಟಿಗೆ ರೈಲನ್ನು ಕೊಟ್ಟುಬಿಟ್ಟಿದ್ದರು. ಸಂಜೆ ನಾಲ್ಕಕ್ಕೆ ವ್ಯಾನು ಬರುವುದಿತ್ತು.

"ಹೋಗೋಕ್ ಮುಂಚೆ ಒಂದು ಫೋಟೋ ಬೇಕಪ್ಪ, ಗೋಡೆಗ್ ಹಾಕ್ಕೊಳ್ಳಕ್ಕೆ" ಎಂದಿದ್ದರು, ಅಷ್ಟೇ.

ಯೋಗರಾಜ ಹಿತ್ತಲಿಗೆ ಹೋಗಿ ನೋಡಿದರೆ ರೈಲಿನ ಹಣೆಗೆ ಕುಂಕುಮ, ಚಿಮಣಿಗೆ ಸೇವಂತಿಗೆ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು. ಮದುವೆಗೆ ಹೊರಟ ಹಾಗಿತ್ತು.

"ಇದೆಲ್ಲ ತೆಗೀರಿ ಅಮ್ಮಾ. ನಿಜವಾದ ರೈಲಿನ ಹಾಗೆ ಕಾಣ್ಬೇಕು."

"ಬರೀ ಹಣೇಲಿ ಫೋಟೋಕ್ಕೆ ನಿಲ್ಸ್ತಾರೇನೋ ಯಾರಾದ್ರೂ?" ಎಂದರು ಕನ್ನಪ್ಪನವರ ಹೆಂಡತಿ ಬೆಳ್ಳಮ್ಮ.

ಹಾರ ತೆಗೆಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಆಮೇಲೆ ಹೊಗೆಯ ತಕರಾರು. ಗೆರಟೆ ಇದ್ದಿಲಿಗೆ ಹೊಗೆಯೇ ಇಲ್ಲ. ಹೊಗೆಯಿಲ್ಲದ ಉಗಿ ರೈಲನ್ನು ಯಾರು ನಂಬುತ್ತಾರೆ? ಪಕ್ಕದ ಮನೆಯ ಅಂಜನಪ್ಪ, ಯಾರೂ ಕೇಳದಿದ್ದರೂ, ಹಸಿ ಅಡಿಕೆ ಸಿಪ್ಪೆಯನ್ನು ರೈಲಿನ ಒಲೆಗೆ ತುರುಕಿದ. ಹೊಗೆ ಚಿಮಣಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಯಿಂದ ಬಂತು. ಅದು ತಿಳಿಯಾಗುವ ಹೊತ್ತಿಗೆ ಬೆಳ್ಳಮ್ಮನ ಹುಂಜ ಹಳಿಯ ಮೇಲೆ ಬಂದು ನಿಂತಿತು. ಕ್ಯಾಮೆರಾದಲ್ಲಿ ಅದು ಡ್ರೈವರನ ಕೋಣೆಗಿಂತ ಎತ್ತರವಾಗಿ ಕಂಡಿತು. ರೀಲು ಕರಗುತ್ತಾ ಬಂತು.

ಇಷ್ಟರ ನಡುವೆ ಕನ್ನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಪ್ರತಿ ಸಲವೂ ರೈಲಿನ ಪಕ್ಕಕ್ಕೆ ಬಂದು ಕೈಕಟ್ಟಿ ನಿಲ್ಲುತ್ತಿದ್ದರು. ಮನುಷ್ಯನ ಕಾಲು ಕಂಡರೆ ರೈಲು ಆಟಿಕೆಯಾಗಿಬಿಡುತ್ತದೆಂದು ಯೋಗರಾಜನಿಗೆ ಆತಂಕ.

"ಕನ್ನಪ್ಪಣ್ಣ, ಸ್ವಲ್ಪ ಆಚೆ ಸರೀರಿ."

"ಇಲ್ಲಿ ಸಾಕಾ?"

"ಇನ್ನೂ ಸ್ವಲ್ಪ."

ಸರಿಯುತ್ತಾ ಸರಿಯುತ್ತಾ ಅವರು ಬಚ್ಚಲುಮನೆಯ ಗೋಡೆಯವರೆಗೆ ಹೋದರು. ಅಲ್ಲೇ ಎದೆಯುಬ್ಬಿಸಿ, ಉಸಿರು ಬಿಗಿಹಿಡಿದು ನಿಂತರು.

ರೀಲಿನಲ್ಲಿ ಒಂದೇ ಒಂದು ಫೋಟೋ ಉಳಿದಿತ್ತು. ಯೋಗರಾಜ ಕೆಸರಿನಲ್ಲಿ ಬೋರಲಾಗಿ ಮಲಗಿದ. ಬಾವಿಕಟ್ಟೆಯ ಜರಿಗಿಡಗಳು ಘೋರ ಕಾಡಾದವು, ಕೊನೆಗೂ ಚಿಮಣಿಯಿಂದಲೇ ಹೊಗೆ ತುಂಡುತುಂಡಾಗಿ ಎದ್ದಿತು, ರೈಲು ತಿರುವಿನಲ್ಲಿ ವಾಲಿ ಬಂತು. ಒತ್ತಿದ. ಇಪ್ಪತ್ತು ವರ್ಷ ಪಾಸ್‌ಪೋರ್ಟ್ ಫೋಟೋ ತೆಗೆದವನಿಗೆ ಕಣ್ಣು ತುಂಬಿ ಬಂತು.

ನಾಲ್ಕಕ್ಕೆ ಸರಿಯಾಗಿ ವ್ಯಾನು ಬಂತು. ರೈಲನ್ನು ಹತ್ತಿಸುವಾಗ ಕನ್ನಪ್ಪ ಅದರ ಬೆನ್ನನ್ನೊಮ್ಮೆ ಸವರಿದರು. ಆಮೇಲೆ ಯೋಗರಾಜನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ನಾನು ಕಣ್ಮುಚ್ಚಿಲ್ಲ ತಾನೆ?"

"ಇಲ್ಲ" ಎಂದ ಯೋಗರಾಜ. ಸುಳ್ಳಂತೂ ಅಲ್ಲ, ಫೋಟೋದಲ್ಲಿ ಅವರೇ ಇರಲಿಲ್ಲ. ಜೇಬಿನಲ್ಲಿ ಮೊಬೈಲಿತ್ತು, ವ್ಯಾನಿನ ಬಾಗಿಲು ಇನ್ನೂ ತೆರೆದಿತ್ತು. ತನ್ನ ಕಲೆಯ ಗುಂಗಿನಲ್ಲಿದ್ದವನಿಗೆ ಅದರಲ್ಲೇ ಇಬ್ಬರನ್ನೂ ಸೇರಿಸಿ ಒಂದು ಹೊಡೆಯಬಹುದಿತ್ತೆಂದು ಹೊಳೆದದ್ದು ಬಸ್ಸು ಬಟ್ಟೆಮಲ್ಲಪ್ಪವೆಂಬ ಊರು ದಾಟಿದ ಮೇಲೆ. ಅಲ್ಲಿಂದ ಸಾಗರದವರೆಗೂ ಅವನು ತನ್ನನ್ನು ತಾನೇ ಬೈದುಕೊಂಡ.

ಮರುವಾರವೇ ತೀರ್ಥಹಳ್ಳಿಗೂ ಓಡಿದ. ರೆಸಾರ್ಟಿನವರು ಆಗಲೇ ರೈಲಿಗೆ ಗುಲಾಬಿ ಬಣ್ಣ ಬಳಿದು, ಬಾಯ್ಲರ್ ಕಿತ್ತು ಮೋಟರು ಕೂರಿಸಿ, ಮುಂದಕ್ಕೆ ಬೆಕ್ಕಿನ ಮೂತಿ ಅಂಟಿಸಿದ್ದರು. ಬೇರೆ ದಾರಿಯಿಲ್ಲದೆ ಆ ಒಂದು ಫೋಟೋವನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿ, ಕಟ್ಟು ಹಾಕಿಸಿ ಹೊಸನಗರಕ್ಕೆ ಒಯ್ದ.

ಕನ್ನಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಭಾರೀ ಚೆನ್ನಾಗಿದೆ. ಹಳೇ ತಾಳಗುಪ್ಪ ರೈಲಾ ಇದು?"

"ನಿಮ್ದೇ ರೈಲು ಕನ್ನಪ್ಪಣ್ಣ."

ಕನ್ನಪ್ಪ ನಕ್ಕುಬಿಟ್ಟರು. "ನನ್ ರೈಲು ನಂಗೊತ್ತಾಗಲ್ವೇನೋ? ಅದಾಗಿದ್ರೆ ಪಕ್ಕದಲ್ಲಿ ನಾನಿರ್ತಿದ್ನಲ್ಲ." ಫೋಟೋವನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಖಾಲಿ ಗೋಡೆಯ ಕಡೆ ಕೈ ತೋರಿಸಿದರು. "ಇದ್ನ ಒಳಗ್ ಹಾಕ್ಕೊಳ್ತೀನಿ ಬಿಡು. ನಮ್ದನ್ನ ಯಾವಾಗ ತರ್ತೀಯ? ಆ ಮೊಳೆ ಅದಕ್ಕೇ ಹೊಡ್ದಿರೋದು."