ಟಿಕೆಟ್ ಇಲ್ಲದ ನರಿ

ನಮ್ಮ ಭಾವನ ನರಿಗಾಗಿ ನನಗೆ ತಗಲಿದ ಖರ್ಚು ಒಂಬೈನೂರ ಇಪ್ಪತ್ತು ದಿರ್ಹಮ್. ನಾಲ್ಕು ಸುರುಳಿ ತಂತಿ ಜಾಲರಿ ಮತ್ತು ಅದನ್ನು ಸಾಗಿಸಲು ಒಂದು ಪಿಕಪ್ಪು. ಪಿಕಪ್ಪಿನ ಬಾಡಿಗೆಯನ್ನಾದರೂ ಇಳಿಸುತ್ತಿದ್ದೆ. ಆದರೆ ಜಾಲರಿ ಯಾಕೆಂದು ಕೇಳಿದ ಚಾಲಕ, ಉತ್ತರ ಕೇಳಿದ ಮೇಲೆ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದ. ನಗುವವನ ಹತ್ತಿರ ಚೌಕಾಸಿ ಮಾಡುವುದು ಹೇಗೆ, ನೀವೇ ಹೇಳಿ!

ಹಳೆಯ ಸೋಫಾ, ಹಳೆಯ ಫ್ರಿಜ್ಜು ಕೊಂಡು ಮಾರಿ ದುಬೈಯಲ್ಲಿ ಇಪ್ಪತ್ತೆರಡು ವರ್ಷ ಬದುಕಿದವನು ನಾನು. ಹೇಳಿದ ಬೆಲೆಗೆ ಒಂದು ಲಿಂಬೆಹಣ್ಣನ್ನೂ ಕೊಂಡವನಲ್ಲ. ಅಂಥವನ ಜೇಬಿಗೆ ಬೆಕ್ಕಿಗಿಂತ ಚೂರು ದೊಡ್ಡದಾದ, ಮೈಗಿಂತ ಕಿವಿಯೇ ಹೆಚ್ಚಿರುವ ಒಂದು ಪ್ರಾಣಿ ಕತ್ತರಿ ಹಾಕಿತೆಂದರೆ ತಪ್ಪು ಪ್ರಾಣಿಯದ್ದಲ್ಲ. ಅರಬ್ ದೇಶದಲ್ಲಿ ಕೂತು ನರಿಯ ಪರ ವಕಾಲತ್ತು ವಹಿಸುವ ಏಕೈಕ ಮನುಷ್ಯ ನನ್ನ ಹೆಂಡತಿಗೆ ಅಣ್ಣನಾಗಿ ಹುಟ್ಟಿದ್ದಾರಲ್ಲ, ಅವರದ್ದು!

ಭಾವ ದುಬೈಯಿಂದ ದೂರ, ಬನಿಯಾಸ್‌ನ ಆಚೆ ಒಬ್ಬ ಅರ್ಬಾಬರ, ಅಂದರೆ ಅರಬಿ ಯಜಮಾನರ, ತೋಟ ನೋಡಿಕೊಳ್ಳುತ್ತಾರೆ. ಖರ್ಜೂರದ ಮರಗಳು, ಒಂದು ಪಂಪು, ದೊಡ್ಡ ಬೇಲಿ, ಬೇಲಿಯೊಳಗೆ ಹದಿನಾರು ಮರಳುಗಾಡಿನ ಜಿಂಕೆಗಳು. ಊರಿನಲ್ಲಿದ್ದಾಗ ಅವರು ಉಡುಪಿ–ಮಂಗಳೂರು ಸರ್ವಿಸ್ ಬಸ್ಸಿನ ಕಂಡಕ್ಟರ್. ಬೇರೆ ಯಾರಾದರೂ ಆಗಿದ್ದರೆ ಜಿಂಕೆಗಳಿಗೆ ಚಂದದ ಹುಡುಗಿಯರ ಹೆಸರಿಡುತ್ತಿದ್ದರು. ಇವರು ಇಟ್ಟಿರುವುದು ಬಸ್ ಸ್ಟಾಪಿನ ಹೆಸರು! ಸಂಜೆ ಮೇವು ಹಾಕುವ ಹೊತ್ತಿಗೆ ಗೇಟಿನ ಪಕ್ಕ ನಿಂತು, ಒಂದು ಕೈ ಕಂಬಕ್ಕೆ ಕೊಟ್ಟು, ಮೈ ಅರ್ಧ ಹೊರಗೆ ವಾಲಿಸಿ ಕೂಗುತ್ತಾರೆ:

“ಉದ್ಯಾವರ, ಕಟಪಾಡಿ, ಪಾಂಗಾಳ, ಕಾಪು, ಉಚ್ಚಿಲ, ಪಡುಬಿದ್ರಿ, ಮುಲ್ಕೀ! ಬನ್ನಿ ಬನ್ನಿ, ಎದುರು ಹೋಗಿ, ಎದುರು ಖಾಲಿ ಉಂಟು!”

ಜಿಂಕೆಗಳು ಓಡಿ ಬರುತ್ತವೆ. ಎದುರಿಗೂ ಹೋಗುತ್ತವೆ. ಊರಿನ ಪ್ರಯಾಣಿಕರು ಒಂದು ದಿನವೂ ಹಾಗೆ ಹೋದವರಲ್ಲ. ಒಮ್ಮೆ ಅರ್ಬಾಬರ ಅತಿಥಿಯೊಬ್ಬರು, ಇದು ನಿಮ್ಮ ಊರಿನ ಪ್ರಾರ್ಥನೆಯೋ ಎಂದು ವಿನಯದಿಂದ ಕೇಳಿದರಂತೆ. “ಅಲ್ಲ, ರೂಟು” ಎಂದರಂತೆ ಭಾವ.

ಇಂಥ ಸಂಸಾರಕ್ಕೆ ನರಿ ಬಂತು. ಒಂದು ಬೆಳಿಗ್ಗೆ ನಾನು ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಮನೆಯಲ್ಲಿ ಚಾ ಕುಡಿಯುತ್ತಿದ್ದೆ. ಭಾವನ ಫೋನು.

“ಪಾಂಗಾಳದ ಮರಿ ಇಲ್ಲ ಮಾರಾಯ. ಬೇಲಿಯ ಅಡಿಯಲ್ಲಿ ಗುಂಡಿ ಉಂಟು.”

ಹದಿನೈದು ದಿನ ಬಿಟ್ಟು ಮತ್ತೆ ಫೋನು. ಕಾಪುವಿನ ಮರಿಯೂ ಹೋಗಿತ್ತು. ಈ ಸಲ ಅರ್ಬಾಬರು ತೋಟಕ್ಕೆ ಬಂದು ಒಂದೇ ಮಾತು ಹೇಳಿ ಹೋಗಿದ್ದರು: ಇನ್ನೊಂದು ಮರಿ ನರಿಯ ಪಾಲಾದರೆ ಖಲಾಸ್, ಅಷ್ಟೂ ಜಿಂಕೆಗಳನ್ನು ಅಲ್ ಐನ್‌ನಲ್ಲಿರುವ ತಮ್ಮನ ತೋಟಕ್ಕೆ ಸಾಗಿಸುತ್ತೇನೆ. ಆಗ ಹೊಟ್ಟೆಯಲ್ಲಿ ಮರಿಯಿದ್ದದ್ದು ಒಂದಕ್ಕೇ, ಮುಲ್ಕಿಗೆ. ಭಾವನ ಕೆಲಸಕ್ಕೇನೂ ಕುತ್ತಿರಲಿಲ್ಲ, ಖರ್ಜೂರ ಇದ್ದೇ ಇತ್ತು. ಆದರೆ ಬಸ್ಸೇ ಖಾಲಿಯಾದ ಮೇಲೆ ಆ ಮನುಷ್ಯ ಸಂಜೆ ಗೇಟಿನಲ್ಲಿ ನಿಂತು ಯಾರನ್ನು ಕರೆಯಬೇಕು?

ನನಗೆ ರೋಷ ಉಕ್ಕಿತು. ಭಾನುವಾರ ಸೀದಾ ತೋಟಕ್ಕೆ ಹೋದೆ.

“ಭಾವ, ನನ್ನ ಗೋದಾಮಿನಲ್ಲಿ ಒಂದು ಬೋನು ಉಂಟು. ಒಂದು ಕೋಳಿ ಕಾಲು ಕಟ್ಟಿದರೆ ನಾಳೆ ಬೆಳಿಗ್ಗೆ ನರಿ ಒಳಗೆ.”

“ಆಮೇಲೆ?”

“ಆಮೇಲೆ ಎಂತ? ದೂರ ತಗೊಂಡು ಹೋಗಿ ಮರಳಲ್ಲಿ ಬಿಟ್ಟರಾಯ್ತು.”

“ಅದರ ಕೆಚ್ಚಲು ನೋಡಿದ್ದೀಯಾ ನೀನು? ಹಾಲುಂಟು. ಇಲ್ಲೇ ಎಲ್ಲೋ ಮರಿ ಇಟ್ಟಿದೆ. ತಾಯಿಯನ್ನು ನೀನು ದೂರ ಬಿಟ್ಟು ಬಂದ್ರೆ ಮರಿಗಳು ಎಂತ ಮಾಡುವುದು? ನಿನ್ನ ಗೋದಾಮಿಗೆ ಬರುವುದಾ?”

“ಅದು ಎರಡು ಜಿಂಕೆಮರಿ ತಿಂದಿದೆ ಭಾವ!”

“ಟಿಕೆಟ್ ಇಲ್ಲದೆ ಹತ್ತಿದೆ. ಹೌದು. ಇಳಿಸ್ಬೇಕು. ಹಾಗಂತ ಹೊಡೀಲಿಕ್ಕುಂಟಾ?”

ನೋಡಿ! ತನ್ನ ಜಿಂಕೆಗಳನ್ನೇ ಕಳೆದುಕೊಳ್ಳಲಿರುವ ಮನುಷ್ಯನ ಮಾತು! ಅಷ್ಟಕ್ಕೆ ಮುಗಿಯಲಿಲ್ಲ. ನನ್ನ ರಟ್ಟೆ ಹಿಡಿದು ಬೇಲಿಯ ಬಳಿ ಕರೆದುಕೊಂಡು ಹೋಗಿ ನರಿಯ ಗುಣಗಾನ ಶುರು ಮಾಡಿದರು.

“ಮೊದಲು ಇವು ಹೇಗಿದ್ದವು, ನೆನಪುಂಟಾ? ಬೆಳಿಗ್ಗೆಯಿಂದ ಸಂಜೆವರೆಗೆ ನೀರಿನ ತೊಟ್ಟಿಯ ಹತ್ತಿರ ಬಿದ್ದುಕೊಂಡು ಒಂದೇ ಗಿಡವನ್ನು ಬೋಳಿಸುವುದು. ಆಡು ಇವು, ಶುದ್ಧ ಆಡು. ಈಗ ನೋಡು. ಎರಡು ತಲೆಯೆತ್ತಿ ಕಾಯ್ತವೆ, ಉಳಿದವು ತಿಂತವೆ. ಇಲ್ಲಿ ಎರಡು ಬಾಯಿ, ಅಲ್ಲಿ ಎರಡು ಬಾಯಿ, ಒಂದು ಕಡೆ ನಿಲ್ಲುವುದಿಲ್ಲ. ಆ ತೊಟ್ಟಿ ಬದಿಯ ಗಿಡ ಚಿಗುರಿದೆ, ಕಂಡಿತಾ? ನರಿ ಬಂದ ಮೇಲೆ ಇವು ಜಿಂಕೆ ಆದದ್ದು ಮಾರಾಯ.”

ಗಿಡ ಚಿಗುರಿದ್ದು ಹೌದು. ಜಿಂಕೆಗಳ ಕಿವಿಗಳು ನೆಟ್ಟಗಾಗಿದ್ದೂ ಹೌದು. ಒಪ್ಪಿಕೊಳ್ಳಲು ನಾನೇನು ಹುಚ್ಚನೇ?

“ಹಾಗಾದರೆ ನರಿಗೆ ಸಂಬಳ ಕೊಡಬೇಕಾ?”

“ಕೊಡಬಹುದಿತ್ತು. ವೀಸಾ ಇಲ್ಲ ಅದಕ್ಕೆ.”

ಮುಲ್ಕಿ ಮರಿ ಹಾಕಿದ ವಾರ ಹೆಂಡತಿ, ಮಗಳೊಂದಿಗೆ ನೋಡಲು ಹೋದೆ. ಭಾವ ಪಂಪಿನ ಕೋಣೆಯಲ್ಲಿದ್ದರು. ನಾನು ಬೇಲಿಯೊಳಗೆ ಹೋಗಿ ನೋಡುತ್ತೇನೆ, ಒಂದು ಪೊದೆಯ ಬುಡದಲ್ಲಿ ಮರಿ ಒಂದೇ ಬಿದ್ದಿದೆ! ಅಲುಗುವುದಿಲ್ಲ, ಕೂಗುವುದಿಲ್ಲ. ತಾಯಿ ಎಲ್ಲೋ ದೂರ ತನಗೂ ಇದಕ್ಕೂ ಸಂಬಂಧವೇ ಇಲ್ಲದವಳಂತೆ ಮೇಯುತ್ತಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. ಎಂಥ ತಾಯಿ ಇವಳು! ಹೆಂಡತಿಯ ಶಾಲಿನಲ್ಲಿ ಮರಿಯನ್ನು ಸುತ್ತಿ, ಕಾರಿಗೆ ತಂದು, ಏಸಿ ಹಾಕಿ ಕೂರಿಸಿದೆ. ಜಿಂಕೆಯ ವಂಶವನ್ನೇ ಉಳಿಸಿದ ಹೆಮ್ಮೆಯಿಂದ ಭಾವನನ್ನು ಕರೆದೆ.

ಭಾವನ ಮುಖ ಬಿಳಿಚಿಕೊಂಡಿತು.

“ಯಾರು ಹೇಳಿದ್ದು ನಿನಗೆ ಮುಟ್ಟಲಿಕ್ಕೆ? ಮರಿಗೆ ವಾಸನೆ ಇರುವುದಿಲ್ಲ, ತಾಯಿಗೆ ಉಂಟು. ಅವಳು ಪಕ್ಕದಲ್ಲಿ ನಿಂತರೆ ನರಿಗೆ ಗೊತ್ತಾಗ್ತದೆ. ಅದಕ್ಕೇ ಅಡಗಿಸಿ ಇಟ್ಟು ದೂರ ಹೋಗುವುದು. ಬಸ್‌ಸ್ಟ್ಯಾಂಡಿನಲ್ಲಿ ಮಗುವನ್ನು ಬೆಂಚಲ್ಲಿ ಕೂರಿಸಿ ನೀರು ತರಲಿಕ್ಕೆ ಹೋದ ಹೆಂಗಸು ಅವಳು. ನೀನು ಮಗುವನ್ನು ಎತ್ಕೊಂಡು ಓಡಿದ್ದೀ!”

“ಪಪ್ಪಾ, ದಟ್ಸ್ ಕಿಡ್ನ್ಯಾಪಿಂಗ್!” ಎಂದಳು ಹಿಂದಿನ ಸೀಟಿನಿಂದ ಮಗಳು.

“ನನ್ನ ಶಾಲು ಬೇರೆ,” ಎಂದಳು ಹೆಂಡತಿ. “ನನ್ನಣ್ಣನಿಗೆ ಹುಚ್ಚು ಅಂತೀರಲ್ಲ ಯಾವಾಗಲೂ!”

ಭಾವ ಮರಿಯನ್ನು ಮೊದಲಿದ್ದ ಪೊದೆಯ ಬುಡಕ್ಕೇ ಒಯ್ದು ಮಲಗಿಸಿದರು. ನಾವು ನಾಲ್ವರೂ ಕಾರಿನಲ್ಲಿ ಕೂತು ದೂರದಿಂದ ಕಾದೆವು. ಮನುಷ್ಯರ ಕೈವಾಸನೆ, ಅದರಲ್ಲೂ ನನ್ನ ಸೆಂಟಿನ ವಾಸನೆ ಹತ್ತಿದ ಮರಿಯನ್ನು ಮುಲ್ಕಿ ಬೇಡವೆಂದರೆ? ನರಿಯ ಬದಲು ನಾನೇ ಮೂರನೆಯ ಮರಿಯನ್ನು ಕೊಂದಂತೆ! ಒಂದು ಗಂಟೆ ಕಳೆಯಿತು. ಮುಲ್ಕಿ ಬಂದಳು, ಮೂಸಿದಳು, ಹಿಂದೆ ಸರಿದಳು. ಅವಳು ಮತ್ತೆ ಬಂದಳು. ಮರಿ ನಡುಗುವ ಕಾಲುಗಳ ಮೇಲೆ ಎದ್ದು ಹಾಲಿಗೆ ಬಾಯಿ ಹಾಕಿತು.

“ರೈಟ್, ಪೋಯಿ,” ಎಂದರು ಭಾವ. ಕಂಡಕ್ಟರರು ಬಸ್ಸು ಹೊರಡಿಸುವ ಮಾತನ್ನು ಅಷ್ಟು ಮೆಲ್ಲಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆ ಲಜ್ಜೆಗೆ ನಾನು ಜಾಲರಿ ಕೊಂಡದ್ದು. ಮರುದಿನವೇ ಅಂಗಡಿಗೆ ರಜೆ ಹಾಕಿ, ಪಿಕಪ್ಪಿನ ಹಿಂದೆ ತೋಟಕ್ಕೆ ಹೋಗಿ, ಭಾವನೊಂದಿಗೆ ಬೇಲಿಯುದ್ದಕ್ಕೂ ಅಗೆಯಲು ನಿಂತೆ. ನರಿ ನುಸುಳಿದ ಜಾಗದಲ್ಲಿ ಗುದ್ದಲಿ ಹಾಕಿದರೆ ಮರಳಿನ ಜೊತೆ ಬಂದದ್ದೇನು? ಮೀನಿನ ಮುಳ್ಳು! ಮತ್ತೊಂದು ಕಡೆ ಅಗೆದೆ, ಬಂಗುಡೆಯ ತಲೆ. ಇನ್ನೊಂದು ಕಡೆ ಇನ್ನಷ್ಟು.

“ಯಾವ ದರಿದ್ರದವನು ಇಲ್ಲಿ ಮೀನು ಹೂಳಿದ್ದು?” ಎಂದು ಅಬ್ಬರಿಸಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ.

ಹೂಳಿದ್ದು ನಾನು. ಆ ಚಳಿಗಾಲದ ಆರಂಭದಲ್ಲಿ ಬೇಲಿ ಬದಿಯ ಖರ್ಜೂರದ ಮರಗಳು ಸೊರಗಿದ್ದನ್ನು ಕಂಡು ಭಾವನಿಗೆ ಉಪದೇಶ ಕೊಟ್ಟಿದ್ದೆ. ಊರಿನಲ್ಲಿ ನಾವು ಮೀನಿನ ತಲೆ, ಕರುಳನ್ನೆಲ್ಲ ತೆಂಗಿನ ಬುಡಕ್ಕೆ ಹಾಕುವುದಿಲ್ಲವೇ? ತೆಂಗಿಗೆ ಆಗುವುದು ಖರ್ಜೂರಕ್ಕೆ ಯಾಕೆ ಆಗಬಾರದು? ಮೀನು ಮಾರುಕಟ್ಟೆಯಲ್ಲಿ ಮೀನು ಕೊಯ್ಯುವವರನ್ನು ಹಿಡಿದು ಎರಡು ಮೂಟೆ ಸಂಪಾದಿಸಿದ್ದೆ. ಪುಕ್ಕಟೆ! ಕಾರು ಒಂದು ತಿಂಗಳು ನಾರಿತ್ತು. ಭಾವ ಬೇಡ ಬೇಡವೆಂದರೂ ಕೇಳದೆ ನಾನೇ ನಿಂತು ಹೂಳಿಸಿದ್ದೆ. ಆಮೇಲೆ ಮರೆತೂಬಿಟ್ಟಿದ್ದೆ. ಆ ವಾಸನೆಗೇ ನರಿ ಬೇಲಿಯ ಬುಡ ಅಗೆಯಲು ಬಂದದ್ದು! ಇಷ್ಟು ದಿನ ಯಾರನ್ನು ಬೈದೆ ನಾನು? ನರಿಯನ್ನು, ಭಾವನನ್ನು, ಅರ್ಬಾಬರನ್ನು, ಮರಿಯನ್ನು ಅಡಗಿಸಿಟ್ಟು ದೂರ ಹೋದ ತಾಯಿಯನ್ನು ಕೂಡ!

ಅದೇ ಹೊತ್ತಿಗೆ ಅರ್ಬಾಬರ ಬಿಳಿ ಗಾಡಿ ಬಂತು. ಇಳಿದವರು ಜಾಲರಿ ನೋಡಿದರು, ಮರಳಿನ ರಾಶಿ ನೋಡಿದರು, ಬಗ್ಗಿ ಒಂದು ಮೀನಿನ ತಲೆಯನ್ನು ಎತ್ತಿ ಹಿಡಿದರು.

“ಯೇ ಮಛಲಿ ಕೌನ್ ಡಾಲಾ?” ಈ ಮೀನು ಹಾಕಿದ್ದು ಯಾರೆಂದು ತಮ್ಮ ಹಿಂದಿಯಲ್ಲಿ ಕೇಳಿದರು.

ನಾನೇ ಎಂದು ಹೇಳಲು ಹೊರಟೆ. ಭಾವ ನನ್ನ ಕಾಲನ್ನು ಬಲವಾಗಿ ಮೆಟ್ಟಿ, ಹಾಕಿದ್ದು ತಾನು, ನಮ್ಮೂರಲ್ಲಿ ಹೀಗೇ ಮಾಡುವುದು ಎಂದುಬಿಟ್ಟರು.

“ಮೈಂ ಡಾಲಾ, ಅರ್ಬಾಬ್. ಹಮಾರಾ ಗಾಂವ್ ಮೇಂ ಐಸಾ ಕರ್ತಾ ಹೈ.”

ಅರ್ಬಾಬರು ಬೈದರು. ಅರಬಿಯಲ್ಲಿ, ಹಿಂದಿಯಲ್ಲಿ, ಮತ್ತೆ ಅರಬಿಯಲ್ಲಿ, ತೋಟದ ಕೆಲಸದವರೆಲ್ಲ ಕೇಳುವಂತೆ. ಐವತ್ತೆಂಟು ವರ್ಷದ ಭಾವ ತಲೆ ತಗ್ಗಿಸಿ ನಿಂತಿದ್ದರು. ಒಂದು ಪೈಸೆ ಚಿಲ್ಲರೆಗೂ ಯಾರಿಂದಲೂ ಮಾತು ಕೇಳಿಸಿಕೊಳ್ಳದೆ ಬದುಕಿದವರು. ಅಷ್ಟರಲ್ಲಿ ಮುಲ್ಕಿ ಪೊದೆಯಿಂದ ಹೊರಬಂದಳು, ಹಿಂದೆಯೇ ಅವಳ ಮರಿ. ಅರ್ಬಾಬರು ಮಾತು ನಿಲ್ಲಿಸಿ ಅದನ್ನೇ ಬಹಳ ಹೊತ್ತು ನೋಡಿದರು. ಕೈಯಲ್ಲಿದ್ದ ಮೀನಿನ ತಲೆಯನ್ನು ಭಾವನ ಬಕೆಟ್ಟಿಗೆ ಹಾಕಿ, ಎಲ್ಲ ತೆಗೆದು ಶುಚಿ ಮಾಡಬೇಕು, ಜಿಂಕೆಗಳು ಇಲ್ಲೇ ಇರಲಿ ಎಂದು ಹೇಳಿ ಗಾಡಿ ಹತ್ತಿದರು.

“ಯಾಕೆ ಭಾವ ಹಾಗೆ ಹೇಳಿದ್ದು?” ಎಂದೆ. “ನಿಮಗೆ ಮೊದಲೇ ಗೊತ್ತಿತ್ತಾ?”

“ಮೊದಲನೇ ಗುಂಡಿ ನೋಡಿದ ದಿನವೇ ಗೊತ್ತಾಯ್ತು.”

“ಮತ್ತೆ ನನಗೆ ಒಂದು ಮಾತು ಹೇಳಲಿಲ್ಲವಲ್ಲ!”

ಭಾವ ಗುದ್ದಲಿ ಎತ್ತಿಕೊಂಡರು. “ನಾರುವ ಮೂಟೆಯನ್ನು ದುಬೈಯಿಂದ ಇಲ್ಲಿವರೆಗೆ ಕಾರಲ್ಲಿ ಹಾಕ್ಕೊಂಡು ಬಂದದ್ದು ನೀನು. ನನ್ನ ಮರ ಒಣಗ್ತದೆ ಅಂತ. ಬೇರೆ ಯಾರಿದ್ದಾರೆ ಮಾರಾಯ ನನಗೆ ಹಾಗೆ ತರಲಿಕ್ಕೆ?”

ನಾನು ಮರಳಿನ ಕಡೆ ಮುಖ ತಿರುಗಿಸಿಕೊಂಡು ಅಗೆದೆ.

ಆದ್ದರಿಂದ ಓದುಗರೇ, ಅನುಭವದಿಂದ ಹೇಳುತ್ತೇನೆ, ಕೇಳಿ. ಮರುಭೂಮಿಯ ಅಂಚಿನಲ್ಲಿ ಮನೆ, ತೋಟ ಇದ್ದರೆ ಮೀನಿನ ತ್ಯಾಜ್ಯವನ್ನು ಮಣ್ಣಿಗೆ ಹಾಕಬೇಡಿ, ಪುಕ್ಕಟೆ ಸಿಕ್ಕರಂತೂ ಹಾಕಲೇಬೇಡಿ. ಒಂಟಿಯಾಗಿ ಮಲಗಿದ ಜಿಂಕೆಮರಿ ಕಂಡರೆ ಬಂದ ದಾರಿಯಲ್ಲೇ ಹಿಂದೆ ಹೋಗಿ. ಜಾಲರಿಯನ್ನು ಅಂಗಡಿಯವನು ಹೇಳಿದ ಹಾಗೆ ನೇರ ಕೆಳಗೆ ಇಳಿಸಬೇಡಿ, ನರಿ ಅದರ ಅಡಿಗೂ ಅಗೆಯುತ್ತದೆ. ಬೇಲಿಯ ಬುಡದಿಂದ ಹೊರಕ್ಕೆ ಎರಡು ಅಡಿ ಬಗ್ಗಿಸಿ ಹಾಸಿ, ಮೇಲೆ ಮರಳು ಮುಚ್ಚಿ. ಬಂದ ನರಿ ನಾಲ್ಕು ಸಲ ಕೆರೆದು, ತಂತಿ ತಾಗಿ, ಬೇಜಾರಾಗಿ ತನ್ನ ಮರಿಗಳ ಕಡೆ ಹೋಗುತ್ತದೆ. ಈ ಕೆಲಸ ಒಬ್ಬರಿಂದ ಆಗುವುದಿಲ್ಲ. ಜಾಲರಿ ಸುರುಳಿ ಸುತ್ತಿಕೊಳ್ಳದಂತೆ ಒಬ್ಬರು ಅದರ ಮೇಲೆ ನಿಲ್ಲಬೇಕು, ಇನ್ನೊಬ್ಬರು ಮರಳು ಎಳೆಯಬೇಕು. ನಿಲ್ಲುವ ಕೆಲಸವನ್ನು ವಯಸ್ಸಾದವರಿಗೆ ಕೊಡಿ. ಮರಳು ನೀವು ಎಳೆಯಿರಿ.