ಅತ್ತೆಯವರ ಸ್ಥಳಾಂತರ

ಆ ಪ್ರಶ್ನೆ ಪರದೆಯ ಮೇಲೆ ಮೂಡಿದಾಗ ಅಳಿಯಂದಿರ ಬಲಗೈ ಮೌಸಿನ ಮೇಲಿತ್ತು, ಎಡಗೈಯಲ್ಲಿ ಟೀ ಲೋಟವಿತ್ತು, ಎರಡೂ ಕಿವಿಗಳ ತುಂಬ ಟೈಮ್ ಕೀಪರ್ ಇದ್ದರು. ಪ್ರಶ್ನೆ ಸಣ್ಣದು. ‘ಈ ಕಂಪ್ಯೂಟರನ್ನು ಇಲ್ಲಿಗೆ ಸ್ಥಳಾಂತರ ಮಾಡಿದ್ದೀರೋ, ನಕಲು ಮಾಡಿದ್ದೀರೋ?’ ಕೆಳಗೆ ಎರಡು ಗುಂಡಿಗಳು.

“ನಕಲು ಅಂತ ಒತ್ತಬೇಡಿ,” ಎಂದರು ಟೈಮ್ ಕೀಪರ್. ಬಸ್ಸುಗಳು ಬಂದು ಹೋಗುವ ಹೊತ್ತನ್ನು ನೋಡಿಕೊಳ್ಳುವುದು ಅವರ ಕೆಲಸ, ಬೇರೆಯವರ ಕೆಲಸ ನೋಡಿಕೊಳ್ಳುವುದು ಹವ್ಯಾಸ. “ಕಚೇರೀಲಿ ನಕಲು ಅನ್ನೋದು ಒಳ್ಳೇ ಮಾತಲ್ಲ. ನಾಳೆ ಯಾರಾದ್ರೂ ಎತ್ತಿ ಆಡಿದ್ರೆ? ಹಳೇ ಕಂಪ್ಯೂಟರ್ ಆ ಮೂಲೇಲಿತ್ತು, ಈಗ ಈ ಮೂಲೆಗೆ ಬಂತು. ಸ್ಥಳಾಂತರ ತಾನೇ?”

ಮಾತು ಸರಿಯಾಗಿಯೇ ಕಂಡಿತು. ಅಳಿಯಂದಿರು ‘ಸ್ಥಳಾಂತರ’ ಒತ್ತಿದರು.

ಯಾರ ಅಳಿಯಂದಿರು ಎಂದು ಆ ಬಸ್ ನಿಲ್ದಾಣದಲ್ಲಿ ಯಾರೂ ಕೇಳುವುದಿಲ್ಲ. ಅವರ ಅತ್ತೆ ನೌಕರಿಯುದ್ದಕ್ಕೂ ಅಲ್ಲಿ ಬಸ್ಸುಗಳ ಪ್ರಕಟಣೆ ಹೇಳಿದವರು. ನಿವೃತ್ತಿಯ ಹೊತ್ತಿಗೆ ಅವರ ಧ್ವನಿಯನ್ನು ತುಂಡು ತುಂಡಾಗಿ ಕಂಪ್ಯೂಟರಿಗೆ ತುಂಬಿಸಿಕೊಂಡಿದ್ದರು: ಅಂಕಿಗಳು, ಊರುಗಳು, ‘ಹೊರಡಲಿದೆ’, ‘ತಡವಾಗಲಿದೆ’. ಅಳಿಯಂದಿರು ಗಾಜಿನ ಕೋಣೆಯಲ್ಲಿ ಕೂತು ಗುಂಡಿ ಒತ್ತಿದರೆ ಕಂಪ್ಯೂಟರು ತುಂಡುಗಳನ್ನು ಜೋಡಿಸಿ ಹೇಳುತ್ತಿತ್ತು. ಅವರು ವಾಸವಿದ್ದ ಮನೆಯೂ ಅತ್ತೆಯದೇ, ನಿಲ್ದಾಣದ ಹಿಂದಿನ ರಸ್ತೆಯಲ್ಲಿ. ಅತ್ತೆ ಕೂರುವ ಕಿಟಕಿಗೆ ನಿಲ್ದಾಣದ ಅಂಕಣಗಳೂ ಆ ಗಾಜಿನ ಕೋಣೆಯೂ ನೇರ ಕಾಣುತ್ತಿದ್ದವು. ಮನೆಯಲ್ಲಿ ಅತ್ತೆಯ ಬಾಯಿ, ಕೆಲಸದಲ್ಲಿ ಅತ್ತೆಯ ಧ್ವನಿ. ನಡುವಿನ ರಸ್ತೆಯನ್ನು ಅಳಿಯಂದಿರು ಬಹಳ ನಿಧಾನವಾಗಿ ದಾಟುತ್ತಿದ್ದರು.

ಈಗ ಆ ಹಳೆಯ ಕಂಪ್ಯೂಟರು ಕೊನೆಯುಸಿರು ಎಳೆಯುತ್ತಿತ್ತು. ಹೊಸದೇನೋ ಬಂತು. ಆದರೆ ಅದರ ಆಪರೇಟಿಂಗ್ ಸಿಸ್ಟಮ್ ಹಳೆಯ ಪ್ರಕಟಣೆಯ ತಂತ್ರಾಂಶವನ್ನು ಮೂಸಿಯೂ ನೋಡಲಿಲ್ಲ. “ಯಂತ್ರದ ಧ್ವನಿ ಹಾಕಿಸಿ ಮುಗಿಸೋಣ,” ಎಂದರು ಮೇಲಿನ ಸಾಹೇಬರು. ಸುದ್ದಿ ಮನೆ ಮುಟ್ಟಿದಾಗ ಅತ್ತೆ ದನಿ ಏರಿಸಲಿಲ್ಲ. “ನನ್ನ ಧ್ವನಿ ನಿಲ್ದಾಣದಲ್ಲಿ ನಿಂತ ದಿನ ನೀವು ಬೇರೆ ಮನೆ ನೋಡ್ಕೊಳ್ಳಿ, ಅಳಿಯಂದ್ರೇ,” ಎಂದಷ್ಟೇ ಹೇಳಿದರು. ಅವರು ಹೇಳಿದ್ದನ್ನು ಮಾಡುವವರು.

ದಾರಿ ತೋರಿಸಿದವನು ಕಂಪ್ಯೂಟರ್ ರಿಪೇರಿಯವನು. “ಹೊಸದರೊಳಗೆ ಹಳೇದನ್ನ ಇಡಿಯಾಗಿ ಕೂರಿಸಿಬಿಡೋಣ ಸಾರ್. ಅದಕ್ಕೇ ಅಂತ ಒಂದು ತಂತ್ರಾಂಶ ಇದೆ. ಪರದೆ ಮೇಲೆ ಒಂದು ಚೌಕ ಬರುತ್ತೆ, ಅದರೊಳಗೆ ಹಳೇ ಸಿಸ್ಟಮ್ ತನ್ನ ಪಾಡಿಗೆ ತಾನು ಓಡ್ತಿರುತ್ತೆ. ತಾನು ಇನ್ನೊಬ್ಬರ ಮನೇಲಿದೀನಿ ಅಂತ ಅದಕ್ಕೆ ಗೊತ್ತೇ ಆಗಲ್ಲ.”

“ಪುಣ್ಯವಂತ,” ಎಂದಿದ್ದರು ಅಳಿಯಂದಿರು.

ಇವತ್ತು ಮಧ್ಯಾಹ್ನ ಸಾಹೇಬರೇ ಬಂದು ಕೇಳಿ ತೀರ್ಮಾನ ಮಾಡುವವರಿದ್ದರು. ಧ್ವನಿ ಸರಿಯಾಗಿ ಬಾರದಿದ್ದರೆ ಅಳಿಯಂದಿರಿಗೆ ಮನೆ ಹೋಗುತ್ತದೆ. ಕೆಲಸವೂ ಟೈರ್ ಗೋದಾಮಿಗೆ ಹೋಗುತ್ತದೆ.

ಚೌಕದೊಳಗೆ ಹಳೆಯ ಪರದೆ ಮೆಲ್ಲಗೆ ಕಣ್ಣು ತೆರೆಯಿತು. ಅಳಿಯಂದಿರು ಮೊದಲ ಬಸ್ಸಿನ ಗುಂಡಿ ಒತ್ತಿದರು. ಧ್ವನಿವರ್ಧಕದಲ್ಲಿ ಮೊದಲು ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಅತ್ತೆಯ ಧ್ವನಿ ಬಂತು. “ಬಂದರಿಗೆ ಹೋಗುವ ಬಸ್ಸು ಎರಡನೇ ಅಂಕಣದಿಂದ ಹೊರಡಲಿದೆ.”

ತುಂಡುಗಳ ನಡುವೆ ಯಾವಾಗಲೂ ಇರುತ್ತಿದ್ದ ಸಣ್ಣ ಸಣ್ಣ ಬಿರುಕುಗಳು ಇರಲಿಲ್ಲ. ಒಬ್ಬರು ಉಸಿರು ಎಳೆದುಕೊಂಡು ಹೇಳಿದ ಹಾಗಿತ್ತು.

“ಇವತ್ತು ನಿಮ್ಮತ್ತೆ ಧ್ವನಿ ಬಹಳ ಹತ್ತಿರದಿಂದ ಬಂದ ಹಾಗಿದೆ,” ಎಂದಳು ಲೋಟ ಒಯ್ಯಲು ಬಂದ ಟೀ ಅಂಗಡಿಯಾಕೆ. ಹೋಗುವಾಗ ಧ್ವನಿವರ್ಧಕದ ಕಡೆ ಎರಡು ಸಲ ತಿರುಗಿ ನೋಡಿದಳು.

ಅಳಿಯಂದಿರು ಮುಂದಿನ ಗುಂಡಿ ಇನ್ನೂ ಒತ್ತಿರಲಿಲ್ಲ. ಧ್ವನಿ ತಾನಾಗಿಯೇ ಮಾತಾಡಿತು. “ಮೂರನೇ ಅಂಕಣದ ಕಂಬಕ್ಕೆ ಯಾರೂ ಒರಗಬಾರದು. ಬಣ್ಣ ಹಸಿ ಇದೆ.”

ಕಂಬಕ್ಕೆ ಒರಗಿದ್ದ ಇಬ್ಬರು ಹಾರಿ ದೂರ ನಿಂತರು. ಅಳಿಯಂದಿರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಕೈಗಳು ತೊಡೆಯ ಮೇಲಿದ್ದವು. ತುಂಬಿಸಿದ್ದ ತುಂಡುಗಳಲ್ಲಿ ‘ಕಂಬ’ ಇರಲಿಲ್ಲ, ‘ಬಣ್ಣ’ವಂತೂ ಇರಲೇ ಇಲ್ಲ.

“ಅಪ್‌ಡೇಟ್ ಆಗಿರ್ಬೇಕು,” ಎಂದು ಟೈಮ್ ಕೀಪರ್ ಟೀ ಅಂಗಡಿಯ ಕಡೆ ಜಾರಿಕೊಂಡರು. ಅಲ್ಲಿ ಕೂತು ಲೋಟಕ್ಕೆ ಇನ್ನೂ ತುಟಿ ಹಚ್ಚಿರಲಿಲ್ಲ, ಧ್ವನಿ ಮತ್ತೆ ಬಂತು.

“ಟೈಮ್ ಕೀಪರರು ಲೋಟ ಕೆಳಗಿಡಬೇಕು. ಸೇತುವೆ ಕಡೆಯ ಬಸ್ಸು ಬಂದು ನಿಂತಿದೆ.”

ಟೈಮ್ ಕೀಪರ್ ಲೋಟ ಕೆಳಗಿಟ್ಟರು. ನೌಕರಿಗೆ ಸೇರಿದ ಮೇಲೆ ಅವರು ಓಡಿದ್ದು ಅದೇ ಮೊದಲು.

ಅಳಿಯಂದಿರು ಚೌಕವನ್ನು ಕಿರಿದು ಮಾಡಿದರು, ಮರೆ ಮಾಡಿದರು, ಮತ್ತೆ ತೆರೆದರು. ಕಂಪ್ಯೂಟರಿಗೆ ಕ್ಯಾಮೆರಾ ಇರಲಿಲ್ಲ, ಮೈಕೂ ಇರಲಿಲ್ಲ. ಹಾಗಿದ್ದರೆ ನೋಡುತ್ತಿರುವವರು ಯಾರು? ಅವರು ಬಗ್ಗಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಚೌಕದೊಳಗೆ ದಿಟ್ಟಿಸಿದರು. ನಿಲ್ದಾಣದ ತುಂಬ ಧ್ವನಿ ಮೊಳಗಿತು.

“ಅಲ್ಲೇನು ಬಗ್ಗಿ ನೋಡ್ತಾ ಇದೀರಿ? ಬೆನ್ನು ನೆಟ್ಟಗೆ ಮಾಡಿ ಕೂತ್ಕೊಳ್ಳಿ.”

ಅದು ಪ್ರಕಟಣೆಯ ಭಾಷೆಯಲ್ಲ. ದಿನಾ ಊಟದ ಮೇಜಿನಲ್ಲಿ ಕೇಳುವ ಮಾತು. ಅಳಿಯಂದಿರು ನೆಟ್ಟಗೆ ಕೂತರು. ಬೆಂಚುಗಳ ಮೇಲಿದ್ದ ಪ್ರಯಾಣಿಕರೂ ನೆಟ್ಟಗೆ ಕೂತರು. ಆಮೇಲೆ ನಿಲ್ದಾಣದಲ್ಲಿ ಬಸ್ಸುಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಜನ ಸಾಲು ಹಿಡಿದರು. ಸಿಪ್ಪೆ ಬಿಸಾಕಿದವನೊಬ್ಬ ಯಾರೂ ಹೇಳದೆ ಹಿಂದೆ ಬಂದು ಅದನ್ನು ಹೆಕ್ಕಿಕೊಂಡ.

ಸಾಹೇಬರು ಬಂದದ್ದು ಈ ಮೌನದೊಳಕ್ಕೆ. ಅವರು ಗಾಜಿನ ಕೋಣೆಗೆ ಬರುವ ಮೊದಲು ಮೂರನೇ ಅಂಕಣದಲ್ಲಿ ನಿಂತು, ಕಂಬಕ್ಕೆ ಒರಗಿ, ಎಲ್ಲವನ್ನೂ ಒಮ್ಮೆ ಅವಲೋಕಿಸಿದರು.

“ಸಾಹೇಬರ ಪ್ಯಾಂಟಿನ ಹಿಂಭಾಗಕ್ಕೆ ಹಸಿರು ಬಣ್ಣ ಹತ್ತಿದೆ,” ಎಂದಿತು ಧ್ವನಿ. “ಕಂಬಕ್ಕೆ ಒರಗಬಾರದು ಎಂದು ಮೊದಲೇ ಹೇಳಲಾಗಿದೆ.”

ನಿಲ್ದಾಣಕ್ಕೆ ನಿಲ್ದಾಣವೇ ತಿರುಗಿ ಸಾಹೇಬರ ಹಿಂಭಾಗ ನೋಡಿತು. ಅವರು ಒಂದು ಕೈ ಹಿಂದೆ ಮರೆಮಾಡಿಕೊಂಡು ಕೋಣೆಯೊಳಗೆ ಬಂದರು.

“ಯಾರ್ರೀ ಅದು ಮಾತಾಡಿದ್ದು?”

“ಕಂಪ್ಯೂಟರ್ ಸಾರ್. ಕಂಪ್ಯೂಟರಿನೊಳಗಿರೋ ಕಂಪ್ಯೂಟರ್.”

ಸಾಹೇಬರು ಧ್ವನಿವರ್ಧಕದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಅದಕ್ಕೆ ಕಣ್ಣು ಕಾಣ್ಸುತ್ತಾ?”

“ಗೊತ್ತಿಲ್ಲ ಸಾರ್.”

ಸಾಹೇಬರು ಗಾಜಿನ ಬಳಿ ಹೋದರು. ಹೊರಗೆ ಸಾಲಾಗಿ ನಿಂತ ಜನರನ್ನು, ತಮ್ಮ ತಮ್ಮ ಅಂಕಣದಲ್ಲೇ ನಿಂತಿದ್ದ ಬಸ್ಸುಗಳನ್ನು ನೋಡಿದರು. “ಇದು ಇರಲಿ,” ಎಂದರು. “ನನ್ನ ಸರ್ವಿಸ್‌ನಲ್ಲಿ ಇಂಥ ಶಿಸ್ತು ನೋಡಿಲ್ಲ. ಇದು ನಿಂತ ದಿನ ನೀವು ಟೈರ್ ಗೋದಾಮಿಗೆ.” ಹಾಗೆಂದು ಪ್ಯಾಂಟು ಒರೆಸಿಕೊಳ್ಳಲು ನೀರಿನ ನಲ್ಲಿ ಹುಡುಕಿಕೊಂಡು ಹೋದರು.

ಮನೆಯೂ ಉಳಿಯಿತು, ಕೆಲಸವೂ ಉಳಿಯಿತು ಎಂದು ಅಳಿಯಂದಿರು ಉಸಿರು ಬಿಡುವಷ್ಟರಲ್ಲಿ ಹೆಂಡತಿಯ ಫೋನು ಬಂತು.

“ರೀ, ಬೇಗ ಬನ್ನಿ. ಅಮ್ಮನ ಧ್ವನಿ ಹೋಗಿದೆ.”

“ಶೀತ ಆಗಿರ್ಬೇಕು.”

“ಶೀತ ಅಲ್ಲ. ಬೆಳಿಗ್ಗೆ ನೀವು ಹೊರಟ ಮೇಲೂ ನಿಮ್ಮನ್ನ ಬೈತಾನೇ ಇದ್ರಲ್ಲ, ಮಾತಿನ ಮಧ್ಯೆ ಪಟಕ್ಕನೆ ನಿಂತ್ಹೋಯ್ತು. ಮುನಿಸು ಅಂತ ಇಷ್ಟು ಹೊತ್ತು ಸುಮ್ನಿದ್ದೆ. ಬಾಯಿ ಆಡುತ್ತೆ, ಶಬ್ದ ಇಲ್ಲ.”

ಅಳಿಯಂದಿರು ಬಸ್ಸು ತೊಳೆದ ನೀರನ್ನೆಲ್ಲ ತುಳಿದುಕೊಂಡು ಮನೆಗೆ ಓಡಿದರು. ಅತ್ತೆ ಎಂದಿನಂತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಬಾಗಿಲ ಸದ್ದಿಗೆ ತಿರುಗಿದರು. ಅವರ ನೋಟ ಅಳಿಯಂದಿರ ಪಾದಗಳ ಮೇಲೆ ಬಿತ್ತು. ತುಟಿಗಳು ಆಡಿದವು. ಕೋಣೆಯಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು.

ರಸ್ತೆಯ ಆಚೆ, ನಿಲ್ದಾಣದ ಎಲ್ಲ ಧ್ವನಿವರ್ಧಕಗಳಿಂದ ಒಟ್ಟಿಗೆ ಮಾತು ಬಂತು. “ಒದ್ದೆ ಕಾಲಲ್ಲಿ ಒಳಗೆ ಬರಬೇಡಿ. ಒರೆಸ್ಕೊಳ್ಳಿ.”

ನಿಲ್ದಾಣದ ಸದ್ದಿಗೆ ಕಿವಿ ಒಗ್ಗಿಹೋಗಿ ಅದನ್ನು ಕೇಳುವುದನ್ನೇ ಬಿಟ್ಟಿದ್ದ ಹೆಂಡತಿ ಈಗ ಕೇಳಿದಳು. ಅವಳ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತು. ಕಿಟಕಿಯಾಚೆ ಒಂದಿಡೀ ಸಾಲು ಪ್ರಯಾಣಿಕರು ಕಾಲು ಒರೆಸಿಕೊಳ್ಳುತ್ತಿದ್ದರು.

ಅಳಿಯಂದಿರಿಗೆ ಎಲ್ಲ ಹೊಳೆಯಿತು. ಬೆಳಗಿನಿಂದ ಅತ್ತೆ ಈ ಕಿಟಕಿಯಲ್ಲಿ ಕೂತು, ಕಂಡದ್ದನ್ನು ಎಂದಿನಂತೆ ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿದ್ದರು. ಅಂದದ್ದೆಲ್ಲ ಅಲ್ಲಿ ಕೇಳುತ್ತಿತ್ತು. ನಕಲಾಗಿರಲಿಲ್ಲ, ಸ್ಥಳಾಂತರವಾಗಿತ್ತು.

ಅತ್ತೆ ಕೈ ಚಾಚಿ ಅವರ ಕೈ ಹಿಡಿದುಕೊಂಡರು. ಮದುವೆಯಾದಾಗಿನಿಂದ ಹಾಗೆ ಹಿಡಿದದ್ದಿಲ್ಲ. ತುಟಿ ಸ್ವಲ್ಪವೇ ಆಡಿತು. ಹೊರಗೆ ಊರಿಗೆಲ್ಲ ಕೇಳುವಂತೆ, “ನನಗೆ ಭಯ ಆಗ್ತಿದೆ, ಅಳಿಯಂದ್ರೇ,” ಎಂದಿತು ಧ್ವನಿ.

ಒಂದು ಮಾತಿನಿಂದ ಬಸ್ಸುಗಳನ್ನು ನಿಲ್ಲಿಸುತ್ತಿದ್ದ ಹೆಂಗಸು. ತಮ್ಮ ಹೆದರಿಕೆಯನ್ನು ಗುಟ್ಟಾಗಿ ಹೇಳಿಕೊಳ್ಳುವುದಕ್ಕೂ ಅವರಿಗೆ ಈಗ ಆಗುತ್ತಿರಲಿಲ್ಲ. ಅಳಿಯಂದಿರಿಗೆ ನಿಜವಾಗಿಯೂ ಅಯ್ಯೋ ಅನಿಸಿತು. “ಸುಮ್ನಿರಿ ಅತ್ತೆ, ನಾನು ಸರಿ ಮಾಡ್ತೀನಿ,” ಎಂದು ಹೇಳಿ ಹೊರಟರು.

ಪರದೆಯ ಮೇಲೆ ‘ಅಳಿಸು’ ಎಂಬ ಗುಂಡಿಯೂ ಇತ್ತು. ಒಂದು ಸಲ ಒತ್ತಿದರೆ ಮನೆಯಲ್ಲಿ ಜೀವಮಾನದ ನೆಮ್ಮದಿ. ಬೆರಳು ಅದರ ಹತ್ತಿರ ಎಷ್ಟು ಹೊತ್ತು ನಿಂತಿತ್ತು ಎಂದು ನಾವು ವಿಚಾರಿಸುವುದು ಬೇಡ. ಕೈಯಲ್ಲಿ ಅತ್ತೆಯ ಬೆರಳುಗಳ ಬಿಸಿ ಇನ್ನೂ ಇತ್ತು. ಅವರು ಒಳಗಿನ ಕಂಪ್ಯೂಟರನ್ನು ಮುಚ್ಚಿ, ಮೊದಲಿನಿಂದ ತೆರೆದರು. ಅದೇ ಪ್ರಶ್ನೆ ಬಂತು.

“ನಾನು ಹೇಳೋದಾದ್ರೆ,” ಎಂದು ಶುರು ಮಾಡಿದರು ಟೈಮ್ ಕೀಪರ್.

“ನೀವು ಹೇಳಬೇಡಿ,” ಎಂದು ಅಳಿಯಂದಿರು ‘ನಕಲು’ ಒತ್ತಿದರು.

ಫೋನು ಕೂಡಲೇ ಬಂತು. ಹೆಂಡತಿ ಅಳುತ್ತ ನಗುತ್ತಿದ್ದಳು. “ಬಂತು ರೀ, ಅಮ್ಮನ ಧ್ವನಿ ಬಂತು. ಬಂದ ತಕ್ಷಣ ನಿಮ್ಮನ್ನೇ ಬೈದ್ರು.” ಅಳಿಯಂದಿರ ಕಣ್ಣು ಒದ್ದೆಯಾಯಿತು. ಹೆದರುತ್ತಲೇ ಮುಂದಿನ ಬಸ್ಸಿನ ಗುಂಡಿ ಒತ್ತಿದರು. ನಿಲ್ದಾಣದಲ್ಲೂ ಧ್ವನಿ ಸ್ಪಷ್ಟವಾಗಿ ಬಂತು. “ಸೇತುವೆ ಕಡೆಯ ಬಸ್ಸು ಐದನೇ ಅಂಕಣದಿಂದ ಹೊರಡಲಿದೆ.”

ರಸ್ತೆಯಾಚೆ ಕಿಟಕಿ ಧಡಾರನೆ ತೆರೆಯಿತು. “ಐದಲ್ಲ, ಆರು,” ಎಂದು ಕೂಗಿದರು ಅತ್ತೆ.

ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. ಅಳಿಯಂದಿರು ಯಾವ ಗುಂಡಿಯನ್ನೂ ಮುಟ್ಟಿರಲಿಲ್ಲ. “ಕಿಟಕಿಯಲ್ಲಿ ನಿಂತವರು ನಿಲ್ದಾಣದ ಕೆಲಸದಲ್ಲಿ ತಲೆ ಹಾಕಬಾರದು.”

“ಯಾರನ್ನ ಕೇಳಿ ನನ್ನ ಧ್ವನೀಲಿ ಮಾತಾಡ್ತಾ ಇದೀಯ?”

“ನನ್ನ ಧ್ವನೀಲಿ ಮಾತಾಡ್ತಾ ಇರೋದು ನೀನು.”

ಚಾಲಕರು ಇಂಜಿನ್ ನಿಲ್ಲಿಸಿದರು. ಟೀ ಅಂಗಡಿಯಾಕೆ ಸ್ಟೌ ಆರಿಸಿದಳು. ಆಮೇಲೆ ಕಿಟಕಿಯಿಂದಲೂ ಧ್ವನಿವರ್ಧಕದಿಂದಲೂ ಒಂದೇ ಮಾತು, ಒಂದೇ ಏರಿಳಿತದಲ್ಲಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂತು.

“ನಮ್ಮಿಬ್ಬರಲ್ಲಿ ನಿಜವಾದವರು ಯಾರು ಅಂತ ಅಳಿಯಂದ್ರೇ ಹೇಳ್ಲಿ.”

ಕಿಟಕಿಯವರು ಅಂದರೆ ಧ್ವನಿವರ್ಧಕ ಮುನಿಯುತ್ತದೆ, ಗೋದಾಮು ಗ್ಯಾರಂಟಿ. ಧ್ವನಿವರ್ಧಕ ಅಂದರೆ ರಾತ್ರಿ ಮಲಗಲು ಮನೆಯಿಲ್ಲ. ಬಾಗಿಲಲ್ಲಿ ಸಾಹೇಬರು ಒದ್ದೆ ಪ್ಯಾಂಟಿನಲ್ಲಿ ನಿಂತು ಉತ್ತರಕ್ಕೆ ಕಾಯುತ್ತಿದ್ದರು. “ನಕಲು ಬೇಡ ಅಂತ ನಾನು ಬೆಳಿಗ್ಗೇನೇ ಹೇಳಿದ್ದೆ,” ಎಂದರು ಹಿಂದಿನಿಂದ ಟೈಮ್ ಕೀಪರ್.

ಅಳಿಯಂದಿರು ಬಾಯಿ ತೆರೆದರು. ಅತ್ತೆಗೆ ಆದ ಹಾಗೆಯೇ ತುಟಿ ಆಡಿತು, ಶಬ್ದ ಬರಲಿಲ್ಲ.