ಪಕ್ಕದ ಮನೆಗೊಂದು ಕಲ್ಲು

ಧೈರ್ಯವಂತರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ನಾನು ಮಾತ್ರ ಪುಕ್ಕಲು. ಊರಿನಲ್ಲಿದ್ದಾಗ ಪೊಲೀಸರು ಎದುರಾದರೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದೆ. ಅಮೆರಿಕಕ್ಕೆ ಬಂದರೆ ಸರಿಹೋದೀತು ಎಂದುಕೊಂಡಿದ್ದೆ. ಭಯಕ್ಕೆ ವೀಸಾ ಬೇಕಿಲ್ಲವೆಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಹೆಣ್ಣು ಕೊಡುವ ಮುಂಚೆ ನನ್ನನ್ನು ನೋಡಲು ಬಂದಿದ್ದ ಮಾವ ಇದನ್ನು ಅಂದೇ ಕಂಡುಹಿಡಿದಿದ್ದರು. ಅವರು ಅರಣ್ಯ ಇಲಾಖೆಯಲ್ಲಿ ರೇಂಜರ್. "ಹುಡುಗ ಪುಕ್ಕಲು. ಆದ್ರೆ ಕಳ್ಳ ಅಲ್ಲ. ಕೊಡಬಹುದು" ಎಂದು ಮನೆಗೆ ಹೋಗಿ ಹೇಳಿದರಂತೆ. ಆ ಎರಡನೆಯ ಮಾತಿನ ಬಲದಿಂದಲೇ ವಾಸಂತಿ ನನ್ನ ಹೆಂಡತಿಯಾದದ್ದು. ಅದೊಂದು ಸರ್ಟಿಫಿಕೇಟನ್ನು ಇಷ್ಟು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೆ.

ಅದಕ್ಕೆ ಕುತ್ತು ಬಂದದ್ದು ತೊಂಬತ್ತರ ದಶಕದಲ್ಲಿ, ನಾವು ಅಮೆರಿಕದ ಫೋರ್ಟ್ ಮಿಲ್ ಎಂಬ ಊರಿನಲ್ಲಿದ್ದಾಗ. ನಿವೃತ್ತರಾಗಿದ್ದ ಮಾವ ಮಗಳನ್ನು ನೋಡಲು ಬಂದಿದ್ದರು. ಪಕ್ಕದ ಮನೆಯ ವೇಯ್ನ್ ರಜೆಗೆ ಹೋದಾಗ ಅವನ ನಾಯಿಗೆ ನಾನು ಊಟ ಹಾಕಿದ್ದೆ. ಆ ಉಪಕಾರಕ್ಕೆ ಅವನು ತಾನೇ ಬೇಟೆಯಾಡಿದ ಜಿಂಕೆಯ ಮಾಂಸದ ಎರಡು ಪೊಟ್ಟಣಗಳನ್ನು ಬಿಳಿ ಕಾಗದದಲ್ಲಿ ಸುತ್ತಿ ತಂದುಕೊಟ್ಟ. ಮಾವ ಎಲ್ಲಿದ್ದಾರೆಂದು ಬಾಗಿಲಲ್ಲೇ ಹಿಂದಿರುಗಿ ನೋಡಿದೆ. ಜಿಂಕೆ ಮಾಂಸ ಇಟ್ಟುಕೊಂಡವರನ್ನು ಮಾವ ಹೇಗೆ ಹಿಡಿದರು, ಹೇಗೆ ಒಳಗೆ ಹಾಕಿಸಿದರು ಎಂಬ ಕಥೆಗಳನ್ನು ಕೇಳಿಯೇ ನಾನು ಅಳಿಯನಾಗಿ ಬೆಳೆದವನು. ಒಬ್ಬ ತೊಟ್ಟಿಲಲ್ಲಿ ಮಗುವಿನ ಕೆಳಗೆ ಬಚ್ಚಿಟ್ಟಿದ್ದನಂತೆ. ಅವನೂ ಸಿಕ್ಕಿಬಿದ್ದ. ಪೊಟ್ಟಣಗಳನ್ನು ಫ್ರೀಜರ್‌ನಲ್ಲಿ ಬಟಾಣಿಯ ಚೀಲದ ಕೆಳಗೆ ತುರುಕಿದೆ.

"ರೀ, ಇಲ್ಲಿ ಇದು ಲೀಗಲ್. ಅಪ್ಪಂಗೆ ಹೇಳ್ಬಿಡಿ" ಎಂದಳು ವಾಸಂತಿ.

"ಹೇಳ್ತೀನಿ, ಮೂಡ್ ನೋಡ್ಕೊಂಡು."

"ವೇಯ್ನ್ ಕೊಟ್ಟ ಮೇಲೆ ನಾವೂ ಏನಾದ್ರೂ ಕೊಡ್ಬೇಕಲ್ವಾ? ಬರೀ ಥ್ಯಾಂಕ್ಸ್ ಅಂದ್ರೆ ಏನು ಚೆನ್ನ?"

ಅದೂ ನಿಜವೇ. ನಮ್ಮಲ್ಲಿ ಪಕ್ಕದ ಮನೆಯಿಂದ ಬಂದ ಬಟ್ಟಲನ್ನು ಖಾಲಿ ಹಿಂದಿರುಗಿಸಿ ಗೊತ್ತಿಲ್ಲ. ಚಕ್ಕುಲಿ ಕೊಡೋಣವೆಂದರೆ ವೇಯ್ನ್‌ಗೆ ಹಲ್ಲಿನ ತೊಂದರೆ. ಆಗ ಟೀವಿಯಲ್ಲಿ ಒಬ್ಬ ಹೆಂಗಸು ಪಿಜ್ಜಾ ಡಬ್ಬಿಯಲ್ಲಿ ಸಿಮೆಂಟು ಸುರಿದು, ಮೇಲೆ ಬಣ್ಣದ ಗಾಜು ಒತ್ತಿ, ತೋಟದಲ್ಲಿ ಹೆಜ್ಜೆಯಿಡುವ ಚಂದದ ಕಲ್ಲುಗಳನ್ನು ಮಾಡುವುದನ್ನು ನೋಡಿದೆ. ವಾಸಂತಿಯ ಒಡೆದ ಗಾಜಿನ ಬಳೆಗಳು ಮನೆಯಲ್ಲಿದ್ದವು. ಅದೇ ಉಡುಗೊರೆ ಎಂದು ನಿಶ್ಚಯಿಸಿದೆ.

ಒಂದು ಶನಿವಾರ ಅಪ್ಪ-ಮಗಳು ಹತ್ತಿರದ ಷಾರ್ಲೆಟ್ ನಗರದ ದೇವಸ್ಥಾನಕ್ಕೆ ಹೊರಟರು. ನಾನು ತಲೆನೋವೆಂದು ಉಳಿದುಕೊಂಡೆ. ಗರಾಜಿನಲ್ಲಿ ಸಿಮೆಂಟು ಕಲಸಿ ಡಬ್ಬಿಗೆ ಅರ್ಧ ತುಂಬಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ವೇಯ್ನ್ ಬೇಲಿಯಾಚೆಯಿಂದ ದಿನವೂ, "ಹೇಗಿತ್ತು? ಏನು ಮಾಡಿದಿರಿ?" ಎಂದು ಕೇಳುತ್ತಿದ್ದ. ತಿಂದೆನೆಂದು ಸುಳ್ಳು ಹೇಳಲು ಭಯ, ತಿಂದಿಲ್ಲವೆನ್ನಲು ಇನ್ನೂ ಭಯ. ಒಂದು ಪೊಟ್ಟಣ ಬಿಚ್ಚಿ, ಕುರಿಮಾಂಸಕ್ಕೆ ಹಾಕುವ ಹಾಗೆ ಬೆಳ್ಳುಳ್ಳಿ, ಮೆಣಸು, ಧನಿಯ ಅರೆದು ಹಾಕಿ ಕುಕ್ಕರ್ ಇಟ್ಟೆ. ಬೇಗ ಬೇಯಲೆಂದು ಸೀಟಿಯ ಮೇಲೆ ಸೀಟಿ ಕೂಗಿಸಿದೆ. ಜಿಂಕೆಯಲ್ಲಿ ಕೊಬ್ಬಿಲ್ಲ, ಹಾಗೆಲ್ಲ ಬೇಯಿಸಬಾರದು ಎಂದು ನನಗೆ ಯಾರು ಹೇಳಿದ್ದರು? ಮುಚ್ಚಳ ತೆಗೆದರೆ ತಳ ಹತ್ತಿತ್ತು, ತುಂಡುಗಳು ಚಪ್ಪಲಿಯ ಅಟ್ಟೆಯಾಗಿದ್ದವು. ಆ ಹೊಗೆಗೆ ಸ್ಮೋಕ್ ಅಲಾರಂ ಕಿರುಚತೊಡಗಿತು. ಟವೆಲ್ ಬೀಸುತ್ತ ಕಿಟಕಿಯಿಂದ ನೋಡಿದರೆ, ನಮ್ಮ ಕಾರು ಡ್ರೈವ್‌ವೇಗೆ ತಿರುಗುತ್ತಿದೆ!

ಅಂಥ ಹೊತ್ತಿನಲ್ಲಿ ಬುದ್ಧಿವಂತರು ಏನು ಮಾಡುತ್ತಾರೋ ಕಾಣೆ. ನಾನು ಕುಕ್ಕರ್ ಎತ್ತಿಕೊಂಡು ಗರಾಜಿಗೆ ಓಡಿ, ಅಷ್ಟನ್ನೂ ಹಸಿ ಸಿಮೆಂಟಿನ ಮೇಲೆ ಸುರಿದು, ಉಳಿದ ಸಿಮೆಂಟನ್ನು ಅದರ ಮೇಲೆ ಹೊಯ್ದು ಸವರಿಬಿಟ್ಟೆ. ಮಾವ ಗರಾಜಿಗೆ ಬಂದಾಗ ಬಳೆಚೂರು ಒತ್ತುತ್ತಿದ್ದೆ.

ಮಾವ ಒಮ್ಮೆ ಮೂಗರಳಿಸಿದರು. "ಏನಳಿಯಂದ್ರೇ, ಅಡುಗೆ ಜೋರಾ?"

"ಮೊಟ್ಟೆ ಸಾರು ಮಾಡೋಕೆ ಹೋದೆ. ಸೀದೋಯ್ತು."

"ತಲೆನೋವು?"

"ಅದೂ ಇದೆ."

ಮಾವ ಕಲ್ಲನ್ನೂ ನನ್ನನ್ನೂ ನೋಡಿ, "ಚೆನ್ನಾಗಿದೆ ಡಿಸೈನು" ಎಂದು ಒಳಗೆ ಹೋದರು. ನಾನು ಬದುಕಿದೆ ಎಂದುಕೊಂಡೆ.

ಕಲ್ಲು ಒಣಗಿದ ಮೇಲೆ ವೇಯ್ನ್‌ಗೆ ಕೊಟ್ಟೆ. ಅವನು ಹಿಗ್ಗಿ, ಗುಲಾಬಿ ಗಿಡಗಳ ನಡುವೆ ಅದನ್ನು ಕೂರಿಸಿದ. ಅಂದಿನಿಂದ ಅವನ ನಾಯಿ ಅದರ ಮುಂದೆ ತಪಸ್ಸಿಗೆ ಕುಳಿತಿತು. ಮೂಸುತ್ತದೆ, ನೆಕ್ಕುತ್ತದೆ, ಪಂಜದಿಂದ ಕೆರೆಯುತ್ತದೆ, ಕರೆದರೆ ಕದಲುವುದಿಲ್ಲ. ನಾನು ಆಫೀಸಿನಲ್ಲಿ ಕೂತು, ಈಗ ಕಲ್ಲು ಒಡೆದಿರಬಹುದು, ಈಗ ವೇಯ್ನ್ ಪೊಲೀಸರಿಗೆ ಫೋನ್ ಮಾಡಿರಬಹುದು, ಕಲ್ಲಿನೊಳಗೆ ಯಾರ ಮಾಂಸ ಎಂದು ಅವರು ವಿಚಾರಿಸುತ್ತಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ನಿದ್ದೆ ಬಾರದಾಯಿತು, ಊಟ ಸೇರದಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಮಾವ ಕಾಫಿ ಹಿಡಿದು ಬೇಲಿಯ ಬಳಿ ನಿಂತು ಆ ನಾಯಿಯನ್ನೇ ನೋಡುವುದು ನನ್ನ ಜೀವ ಹಿಂಡುತ್ತಿತ್ತು.

ಕೊನೆಗೆ ಒಂದು ಭಾನುವಾರ ಬೇಲಿಯ ಬಳಿ ನಾವು ಮೂವರೂ ಒಟ್ಟಿಗೆ ಸಿಕ್ಕೆವು. "ನಿನ್ನ ಕಲ್ಲು ನನ್ನ ನಾಯಿಗೆ ಪ್ರಾಣ. ನನ್ನ ತಮ್ಮನ ಮನೆಯಲ್ಲೂ ನಾಯಿಯಿದೆ, ಇಂಥದ್ದೇ ಇನ್ನೊಂದು ಮಾಡಿಕೊಡುತ್ತೀಯಾ?" ಎಂದ ವೇಯ್ನ್.

ಮಾವ ನನ್ನ ಕಡೆ ತಿರುಗಿ ಮೆಲ್ಲಗೆ ಕನ್ನಡದಲ್ಲಿ, "ಮಾಡ್ಕೊಡಿ ಅಳಿಯಂದ್ರೇ. ಬಟಾಣಿ ಕೆಳಗೆ ಇನ್ನೊಂದು ಪೊಟ್ಟಣ ಇದೆಯಲ್ಲ" ಎಂದರು.

ನಾನು ಬೇಲಿ ಹಿಡಿದುಕೊಂಡೆ. ಮಾವ ಬಂದ ವಾರವೇ ವೇಯ್ನ್ ಜೊತೆ ಸ್ನೇಹ ಬೆಳೆಸಿ, ಮಾಂಸ ಕೊಟ್ಟದ್ದನ್ನು ಅವನಿಂದಲೇ ತಿಳಿದು, ಅವನ ಬೇಟೆಯ ಲೈಸೆನ್ಸ್ ತರಿಸಿ, ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಎಲ್ಲ ಸರಿಯಾಗಿದೆಯೆಂದು ಒಪ್ಪಿಕೊಂಡಿದ್ದರಂತೆ. ನಾನು ಯಾವಾಗ ಹೇಳುತ್ತೇನೆಂದು ಅಷ್ಟು ದಿನವೂ ಕಾಯುತ್ತಿದ್ದರಂತೆ. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

"ಅಪ್ಪ ಏನಂದ್ರು? ಕಳ್ಳ ಅಂದ್ರಾ?" ಎಂದು ಸಂಜೆ ವಾಸಂತಿಯನ್ನು ಹೆದರುತ್ತಲೇ ಕೇಳಿದೆ.

"ಇಲ್ಲಪ್ಪ. ಸರ್ವೀಸಲ್ಲಿ ಎಷ್ಟೋ ಕಳ್ಳರನ್ನ ನೋಡಿದ್ದೀನಿ, ಇಷ್ಟು ಕೆಟ್ಟದಾಗಿ ಬಚ್ಚಿಡೋನು ಕಳ್ಳ ಆಗಿರೋಕೆ ಸಾಧ್ಯಾನೇ ಇಲ್ಲ ಅಂದ್ರು."

ಅಂತೂ ಸರ್ಟಿಫಿಕೇಟು ಉಳಿಯಿತು. ಎರಡನೆಯ ಕಲ್ಲನ್ನು ಮಾವನೇ ಪಕ್ಕದಲ್ಲಿ ನಿಂತು ಮಾಡಿಸಿದರು. ಅದರಲ್ಲಿ ಬರೀ ಸಿಮೆಂಟೇ ಇತ್ತು. ವೇಯ್ನ್‌ನ ತಮ್ಮನ ನಾಯಿ ಅದನ್ನು ತಿರುಗಿಯೂ ನೋಡಲಿಲ್ಲವಂತೆ. ಅದಕ್ಕೆ ವೇಯ್ನ್‌ಗೆ ಬೇಸರವಾಯಿತೇನೋ ಎಂದು ನಾನು ಇಂದಿಗೂ ಹೆದರುತ್ತಿದ್ದೇನೆ.